ಎರಡು ದಿನ ಚೆನ್ನಾಗೇ ಇತ್ತು

ಬುಧವಾರ ಬೆಳಿಗ್ಗೆ ಕ್ಲಿನಿಕ್ ಬಾಗಿಲು ತೆಗೆಯುವ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಮೊಮ್ಮಗನ ಸ್ಕೂಟರ್ ಹಿಂದೆ ಕೂತು, ತೊಡೆ ಮೇಲೆ ತರಕಾರಿ ಬುಟ್ಟಿ, ಬುಟ್ಟಿಯೊಳಗೆ ಬೆಕ್ಕು. "ಏನೂ ತಿಂತಿಲ್ಲ ಡಾಕ್ಟ್ರೇ, ಮೂಲೇಲಿ ಬಿದ್ಕೊಂಡಿದೆ" ಅಂದರು.

ತುಟಿ ಎತ್ತಿ ನೋಡಿದೆ. ಗುಲಾಬಿ ಬಣ್ಣ ಇರಬೇಕಾದ ಒಸಡು ಬಿಳಚಿಕೊಂಡಿತ್ತು. ಪಕ್ಕೆ ಬೇಗ ಬೇಗ ಏರಿಳಿಯುತ್ತಿತ್ತು. ಬುಟ್ಟಿಗೆ ಹಾಸಿದ್ದ ಹಳೇ ಪಂಚೆ ಮೇಲೆ ಮೂತ್ರದ ಕಲೆ, ಡಿಕಾಕ್ಷನ್ ಚೆಲ್ಲಿದ ಹಾಗೆ.

ಏನು ತಿಂದಿತ್ತು ಅಂತ ಕೇಳಿದರೆ, "ಮಾಮೂಲಿ ಹಾಲನ್ನ, ಮೀನು." ಆಗ ಮೊಮ್ಮಗ ಬಾಯಿ ಬಿಟ್ಟ: "ಭಾನುವಾರ ನನ್ನ ತಟ್ಟೇಲಿದ್ದ ಎಗ್ ಬುರ್ಜಿ ಪೂರ್ತಿ ಖಾಲಿ ಮಾಡಿತ್ತಲ್ಲ ಅಜ್ಜಿ." ಅಜ್ಜಿ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. "ಆಮೇಲೆ ಎರಡು ದಿನ ಚೆನ್ನಾಗೇ ಓಡಾಡ್ಕೊಂಡಿತ್ತಲ್ಲಪ್ಪ!"

ಬುರ್ಜಿಯಲ್ಲಿದ್ದ ಈರುಳ್ಳಿ ಬೆಕ್ಕಿಗೆ ವಿಷ. ಅದರ ಮೋಸ ಇರುವುದೇ ಆ ಎರಡು ದಿನದಲ್ಲಿ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಅಂಶಗಳು ರಕ್ತಕಣದೊಳಗಿನ ಹಿಮೋಗ್ಲೋಬಿನ್ ಕೆಡಿಸುತ್ತವೆ. ಬೆಕ್ಕಿನ ಹಿಮೋಗ್ಲೋಬಿನ್ ನಮ್ಮದಕ್ಕಿಂತ ಸುಲಭವಾಗಿ ಕೆಡುವ ಜಾತಿ. ಕೆಟ್ಟದ್ದು ಗಂಟುಕಟ್ಟಿ ಕಣದ ಅಂಚಿನಲ್ಲಿ ಮೊಡವೆ ಥರ ಎದ್ದು ನಿಲ್ಲುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ಸರಿಯಾಗಿ ಕಾಣಿಸುತ್ತದೆ, ಹೈನ್ಜ್ ಬಾಡಿ ಅನ್ನುತ್ತೇವೆ. ಇಂಥ ಕಣಗಳು ಒಡೆಯುತ್ತಾ ಹೋಗುತ್ತವೆ. ರಕ್ತ ಕಮ್ಮಿಯಾಗಿ ಬೆಕ್ಕು ಸೋತು ಕೂರುವ ಹೊತ್ತಿಗೆ ಮೂರು ನಾಲ್ಕು ದಿನ ಕಳೆದಿರುತ್ತದೆ. ಅಷ್ಟರಲ್ಲಿ ತಿಂದದ್ದು ಯಾರಿಗೂ ನೆನಪಿರುವುದಿಲ್ಲ.

ಎಷ್ಟು ತಿಂದರೆ ಅಪಾಯ? ಬೆಕ್ಕಿನ ತೂಕದ ಪ್ರತಿ ಕಿಲೋಗೆ ಸುಮಾರು 5 ಗ್ರಾಂ ಈರುಳ್ಳಿ ಸಾಕು. 4 ಕಿಲೋ ಬೆಕ್ಕಿಗೆ 20 ಗ್ರಾಂ, ಅಂದರೆ ಹೆಚ್ಚಿದ ಈರುಳ್ಳಿ ಸುಮಾರು ಎರಡು ದೊಡ್ಡ ಚಮಚ. ಬೆಳ್ಳುಳ್ಳಿ ಇದಕ್ಕಿಂತ ಜೋರು. ಬೇಯಿಸಿದರೂ, ಹುರಿದರೂ ವಿಷ ಹೋಗುವುದಿಲ್ಲ. ಪುಡಿಯಲ್ಲಂತೂ ವಿಷ ಇನ್ನೂ ಜಾಸ್ತಿ. ಹುಷಾರಿಲ್ಲದ ಬೆಕ್ಕಿಗೆ ಅಂತ ಪ್ಯಾಕೆಟ್ ಚಿಕನ್ ಸೂಪ್ ಕುಡಿಸುವವರು ಪ್ಯಾಕೆಟ್ಟಿನ ಹಿಂಬದಿಯ ಪದಾರ್ಥಗಳ ಪಟ್ಟಿಯನ್ನು ಒಮ್ಮೆ ಓದಿ, ಈರುಳ್ಳಿ ಪುಡಿ ಇದ್ದೇ ಇರುತ್ತದೆ ಅನ್ನಬಹುದು. ಒಂದು ಸಲ ಸಾರು ನೆಕ್ಕಿದ್ದಕ್ಕೆ ಬೆಕ್ಕು ಸಾಯುವುದಿಲ್ಲ, ಗಾಬರಿ ಬೇಡ. ಆದರೆ ದಿನಾ ಹುಳಿಯನ್ನ ಕಲಸಿ ಹಾಕಿದರೆ ಸ್ವಲ್ಪ ಸ್ವಲ್ಪವೇ ಸೇರಿ ಅದೇ ಗತಿ.

ತಿಂದದ್ದು ಈಗಷ್ಟೇ ಗೊತ್ತಾಯಿತಾ? ಮೊದಲು ಫೋನ್. ಒಂದೆರಡು ಗಂಟೆಯೊಳಗೆ ಕರೆತಂದರೆ ನಾವು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಬಹುದು, ಬೇಕಿದ್ದರೆ ಆಮೇಲೆ ಇದ್ದಿಲಿನ ಔಷಧಿ. ಹೊರಡುವಾಗ ಉಳಿದ ಊಟವನ್ನೋ ಪ್ಯಾಕೆಟ್ಟನ್ನೋ ತನ್ನಿ. ಬೆಕ್ಕನ್ನು ಎತ್ತಿಕೊಂಡು ತೂಕದ ಮೆಷಿನ್ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ಆ ಒಂದು ಸಂಖ್ಯೆ ಫೋನಿನಲ್ಲೇ ಹೇಳಿದರೆ ಎಷ್ಟು ಆತುರ ಅಂತ ನಾನು ಹೇಳಬಲ್ಲೆ.

ಮನೆಯಲ್ಲಿ ವಾಂತಿ ಮಾಡಿಸಲು ಮಾತ್ರ ಹೋಗಬೇಡಿ. ಉಪ್ಪು ನೀರು ಕುಡಿಸಿ ಕರೆತಂದ ಬೆಕ್ಕುಗಳಿಗೆ ಈರುಳ್ಳಿಗಿಂತ ಮೊದಲು ಉಪ್ಪಿನ ವಿಷಕ್ಕೇ ಚಿಕಿತ್ಸೆ ಮಾಡಿದ್ದೇನೆ. ಹೈಡ್ರೋಜನ್ ಪೆರಾಕ್ಸೈಡ್ ಬೆಕ್ಕಿನ ಹೊಟ್ಟೆಯ ಒಳಪದರವನ್ನೇ ಸುಡುತ್ತದೆ. ಹಾಲು, ಎಣ್ಣೆ ಬಾಯಿಗೆ ಹೊಯ್ದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ. ಇನ್ನೊಂದು ಮಾತು, ಕೈಮುಗಿದು ಹೇಳುತ್ತೇನೆ: "ಮೈ ಬಿಸಿ ಇದೆ" ಅಂತ ಪ್ಯಾರಸಿಟಮಾಲ್ ಕೊಡಬೇಡಿ. ಅದೂ ಇದೇ ರಕ್ತಕಣಗಳನ್ನು ಕೆಡಿಸುತ್ತದೆ, ಈರುಳ್ಳಿಗಿಂತ ಎಷ್ಟೋ ಬೇಗ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ಹೊತ್ತು ಮೀರಿದ್ದರೆ ಒಂದು ವಾರ ಕಣ್ಣಿಡಿ. ದಿನಕ್ಕೊಮ್ಮೆ ತುಟಿ ಎತ್ತಿ ಒಸಡು ನೋಡಿ, ಮರಳಿನ ಟ್ರೇಯಲ್ಲಿ ಮೂತ್ರದ ಬಣ್ಣ ನೋಡಿ. ಚೆನ್ನಾಗೇ ಕಂಡರೂ ಮೂರನೇ ದಿನದ ಹೊತ್ತಿಗೆ ಒಂದು ರಕ್ತಪರೀಕ್ಷೆ ಮಾಡಿಸಿ.

ಅಜ್ಜಿಯ ಬೆಕ್ಕಿಗೆ ಆ ಅವಕಾಶ ದಾಟಿಹೋಗಿತ್ತು. ರಕ್ತದಲ್ಲಿ ಕೆಂಪುಕಣಗಳ ಪಾಲು ಶೇ. 30ರ ಮೇಲಿರಬೇಕು, 15ಕ್ಕೆ ಇಳಿದಿತ್ತು. ಈರುಳ್ಳಿಗೆ ಇಂಥದ್ದೇ ಅಂತ ಪ್ರತಿಮದ್ದು ಇಲ್ಲ. ಆಕ್ಸಿಜನ್ ಹಾಕಿ, ರಕ್ತ ಹುಡುಕಲು ಕೂತೆವು. ಬೆಕ್ಕುಗಳಲ್ಲೂ ಎ, ಬಿ, ಎಬಿ ಅಂತ ಗುಂಪುಗಳಿವೆ, ಸಿಕ್ಕಿದ ಬೆಕ್ಕಿನ ರಕ್ತ ಏರಿಸುವ ಹಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಳೇ ಪರಿಚಯದ ಒಬ್ಬರು ತಮ್ಮ ದಡೂತಿ ಗಂಡುಬೆಕ್ಕನ್ನು ಹೊತ್ತು ತಂದರು, ಹೊಂದಿಕೆಯಾಯಿತು.

ಎಂಟನೇ ದಿನಕ್ಕೆ 27 ಬಂತು. ಒಸಡು ಪೂರ್ತಿ ಗುಲಾಬಿ ಆಗಿರಲಿಲ್ಲ, ಆದರೆ ಸೂಜಿ ಹಾಕುವಾಗ ನನ್ನ ಕೈ ಪರಚಿತು. ಬುರ್ಜಿ ಮಾಡಿದ ದಿನ ತಟ್ಟೆ ಈಗ ಮೊಮ್ಮಗನೇ ತೊಳೆದಿಡಬೇಕಂತೆ.