ಬ್ಯಾಂಕಿನ ಏಳು, ಸಾವ್ಕಾರನ ಮೂರು

"ಬ್ಯಾಂಕ್‌ನ್ಯಾಗ ನನಗ ಏಳು ಬರ್ತದ್ರಿ. ಸಾವ್ಕಾರಗ ನಾ ಮೂರೇ ಕೊಡ್ತೀನಿ. ನಾಕು ನನಗೇ ಉಳೀತದಲ್ರೀ ಸರ?"

ಆಳಂದ ಕಡೆಯ ರೈತರೊಬ್ಬರು ನನ್ನ ಮೇಜಿನ ಎದುರು ಕೂತು ಹೀಗೆ ಕೇಳಿದರು. ಮಗಳ ಮದುವೆಗೆಂದು ಎರಡು ಲಕ್ಷ ರೂಪಾಯಿ ಎಫ್‌ಡಿ ಇಟ್ಟಿದ್ದರು. ಬಡ್ಡಿ ಏಳು. ಬೋರ್‌ವೆಲ್ ಹಾಕಿಸಲು ಊರ ಸಾವ್ಕಾರನ ಹತ್ತಿರ ಒಂದೂವರೆ ಲಕ್ಷ ಸಾಲ ಮಾಡಿದ್ದರು. ಬಡ್ಡಿ ನೂರಕ್ಕೆ ಮೂರು. ಏಳರಲ್ಲಿ ಮೂರು ಕಳೆದರೆ ನಾಲ್ಕು. ಅವರ ಲೆಕ್ಕ ಅಷ್ಟೇ. ಎರಡು ವರ್ಷದಿಂದ ಈ ಲೆಕ್ಕ ನಂಬಿಕೊಂಡು ನೆಮ್ಮದಿಯಾಗಿದ್ದರು.

ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟವಾಯಿತು. ಬೀದರ್, ಯಾದಗಿರಿ, ಕಲಬುರಗಿ ಜಿಲ್ಲೆಗಳ ಬ್ಯಾಂಕ್ ಶಾಖೆಗಳಲ್ಲಿ 31 ವರ್ಷ ಕೆಲಸ ಮಾಡಿದ್ದೇನೆ. ನಿವೃತ್ತಿಯಾದ ಮೇಲೆ ಜನರಿಗೆ ಸಾಲ, ಉಳಿತಾಯದ ಬಗ್ಗೆ ಸಲಹೆ ಕೊಡುತ್ತಾ ಕೂತಿದ್ದೇನೆ. ಇದೇ ಮಾತನ್ನು ಬೇರೆ ಬೇರೆ ಬಾಯಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಓದದವರು ಮಾತ್ರ ಹೇಳುತ್ತಾರೆ ಅಂದುಕೊಳ್ಳಬೇಡಿ. ಮಾಸ್ತರರು ಹೇಳಿದ್ದಾರೆ, ಕಿರಾಣಿ ಅಂಗಡಿಯವರು ಹೇಳಿದ್ದಾರೆ, ಇಂಜಿನಿಯರಿಂಗ್ ಓದಿದ ಹುಡುಗರೂ ಹೇಳಿದ್ದಾರೆ.

ಸಾವ್ಕಾರನ ಮೂರು ತಿಂಗಳಿಗೆ. ಬ್ಯಾಂಕಿನ ಏಳು ವರ್ಷಕ್ಕೆ. ಒಂದೇ ಗೆರೆಯ ಮೇಲಿಟ್ಟು ನೋಡಿದರೆ ಸಾವ್ಕಾರನದು ವರ್ಷಕ್ಕೆ 36, ಬ್ಯಾಂಕಿನದು 7.

ಇಷ್ಟು ಹೇಳಿದರೆ ಎಲ್ಲರೂ "ಹೌದ್ರಿ, ಅದು ಗೊತ್ತದ" ಅನ್ನುತ್ತಾರೆ. ಗೊತ್ತಿರುವುದಿಲ್ಲ. ಆದ್ದರಿಂದ ನಾನು ತೊಗರಿಯಿಂದ ಶುರು ಮಾಡುತ್ತೇನೆ. ಆ ರೈತರಿಗೂ ಹಾಗೇ ಕೇಳಿದೆ. "ಯಜಮಾನ್ರೆ, ತೊಗರಿಗೆ ಸರ್ಕಾರದ 2025-26ರ ಬೆಂಬಲ ಬೆಲೆ 8,000. ನಾನು ನಿಮ್ಮ ಹೊಲಕ್ಕೆ ಬಂದು ನೂರು ರೂಪಾಯಿಗೆ ಕೊಳ್ಳುತ್ತೇನೆ ಅಂದರೆ ಯಾವುದು ಜಾಸ್ತಿ?" ಅವರು ತಕ್ಷಣ ತಿರುಗಿ ಕೇಳಿದರು: "ನೂರು ಅಂದ್ರ ಕಿಲೋಕೇನ್ರಿ, ಕ್ವಿಂಟಾಲಕ್ಕೇನ್ರಿ?" ಕಿಲೋಗೆ ಅಂದೆ. "ಹಂಗಾದ್ರ ನಿಮ್ಮದೇ ಜಾಸ್ತಿ ಆತು. ಸರ್ಕಾರದ್ದು ಕಿಲೋಕ್ಕ ಎಂಬತ್ತೇ ಬೀಳ್ತದ" ಅಂದರು. ಒಂದು ಕ್ಷಣವೂ ಯೋಚಿಸಲಿಲ್ಲ. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ನಿಂತು ವ್ಯಾಪಾರ ಮಾಡುವವರಿಗೆ ಈ ಲೆಕ್ಕ ನೀರು ಕುಡಿದಷ್ಟು ಸುಲಭ. ನೂರು ಅಂದರೆ ಯಾವುದಕ್ಕೆ ನೂರು ಅಂತ ಮೊದಲು ಕೇಳುತ್ತಾರೆ. ಅದೇ ಮನುಷ್ಯ ಮೂರು ಅಂದರೆ ಎಷ್ಟು ದಿನಕ್ಕೆ ಮೂರು ಅಂತ ಕೇಳುವುದಿಲ್ಲ.

ಯಾಕೆ ಕೇಳುವುದಿಲ್ಲ? ನನ್ನ ಅನುಭವದಲ್ಲಿ ಕಾರಣ ದಡ್ಡತನ ಅಲ್ಲ. ನಮ್ಮ ಕಡೆ ಬಡ್ಡಿಯ ಮಾತು ಹಿಂದಿನಿಂದಲೂ ತಿಂಗಳ ಲೆಕ್ಕದ್ದು. ನೂರಕ್ಕೆ ಎರಡು, ನೂರಕ್ಕೆ ಮೂರು. ಕೇಳುವವರಿಗೆ ಗೊತ್ತು ಅಂತ 'ತಿಂಗಳಿಗೆ' ಅನ್ನುವ ಪದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬ್ಯಾಂಕಿನವರೂ ಹಾಗೇ. ಬೋರ್ಡಿನಲ್ಲಿ ದೊಡ್ಡದಾಗಿ 7 ಅಂತ ಬರೆಯುತ್ತೇವೆ. ಕೌಂಟರಿನಲ್ಲಿ ಕೇಳಿದರೆ "ಏಳು" ಅನ್ನುತ್ತೇವೆ. ವರ್ಷಕ್ಕೆ ಅನ್ನುವುದು ನಮಗೆ ಅಷ್ಟು ಸಹಜ, ಹೇಳಬೇಕು ಅಂತಲೇ ಅನಿಸುವುದಿಲ್ಲ. ನಾನೂ ಎಷ್ಟೋ ವರ್ಷ ಹಾಗೇ ಹೇಳಿದ್ದೇನೆ. ಆ ರೈತರ ತಪ್ಪು ಲೆಕ್ಕದಲ್ಲಿ ನನ್ನಂಥವರ ಪಾಲೂ ಇದೆ.

ಈಗ ಅವರ ಲೆಕ್ಕ ನೋಡಿ. ಒಂದೂವರೆ ಲಕ್ಷಕ್ಕೆ ನೂರಕ್ಕೆ ಮೂರರಂತೆ ತಿಂಗಳಿಗೆ 4,500 ರೂಪಾಯಿ. ವರ್ಷಕ್ಕೆ 54,000. ಎರಡು ಎಮ್ಮೆಗಳ ಹಾಲಿನ ದುಡ್ಡು ನೇರವಾಗಿ ಸಾವ್ಕಾರನ ಮನೆಗೆ ಹೋಗುತ್ತಿತ್ತು. ಎಫ್‌ಡಿಯಿಂದ ಅವರಿಗೆ ವರ್ಷಕ್ಕೆ ಬರುತ್ತಿದ್ದದ್ದು ಸುಮಾರು 14,000. ಅಂದರೆ ಪ್ರತಿ ವರ್ಷ 40,000 ರೂಪಾಯಿ ಕೈಬಿಟ್ಟು ಹೋಗುತ್ತಿತ್ತು. ಎರಡು ವರ್ಷದಲ್ಲಿ 1,08,000 ಬಡ್ಡಿ ಕಟ್ಟಿದ್ದರು. ಅಸಲು ಒಂದೂವರೆ ಲಕ್ಷ ಹಾಗೇ ಇತ್ತು.

"ಎಫ್‌ಡಿ ಮುರಿದು ಸಾಲ ತೀರಿಸಿಬಿಡಿ" ಅಂದೆ. ಅವರ ಮುಖ ಕಪ್ಪಿಟ್ಟಿತು. "ಅದು ಮಗಳ ರೊಕ್ಕ ಅದರೀ. ಮುಟ್ಟೂದಿಲ್ಲಂತ ಆಣಿ ಮಾಡೀನಿ."

ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಗಳ ಹೆಸರಿನಲ್ಲಿ ಎತ್ತಿಟ್ಟ ಹಣವನ್ನು ಅಪ್ಪ ಮುಟ್ಟುವುದಿಲ್ಲ ಅಂದರೆ ಅದರಲ್ಲಿ ಒಂದು ಮರ್ಯಾದೆ ಇದೆ. ಒಮ್ಮೆ ಮುರಿದ ಎಫ್‌ಡಿಯನ್ನು ಮತ್ತೆ ಕಟ್ಟುವವರು ಕಡಿಮೆ ಅನ್ನುವುದೂ ನಿಜ. ಆದರೆ ನನಗೆ ಅನಿಸುವುದು ಇಷ್ಟು: ಮೂರು ರೂಪಾಯಿ ಬಡ್ಡಿಯ ಸಾಲ ಮನೆಯಲ್ಲಿರುವಾಗ ಏಳು ಪರ್ಸೆಂಟಿನ ಉಳಿತಾಯ ಉಳಿತಾಯವೇ ಅಲ್ಲ. ಮುಂದಿನ ಬಾಗಿಲಿಂದ ಒಂದು ಚೀಲ ಜೋಳ ತಂದು ಹಿಂದಿನ ಬಾಗಿಲಿಂದ ಐದು ಚೀಲ ಹೊರಗೆ ಹಾಕಿದಂತೆ. ಉಳಿತಾಯ ಮಾಡಬೇಡಿ, ಮೊದಲು ಸಾಲ ತೀರಿಸಿ ಅಂತ ಬ್ಯಾಂಕಿನಲ್ಲಿ ಜೀವನ ಕಳೆದವನೇ ಹೇಳಿದರೆ ಜನಕ್ಕೆ ವಿಚಿತ್ರ ಅನಿಸುತ್ತದೆ. ಆದರೂ ಹೇಳುತ್ತೇನೆ.

ಅವರಿಗೆ ಆಣೆ ಮುರಿಯಲು ಮನಸ್ಸಿರಲಿಲ್ಲ. ಮುರಿಯದೆಯೂ ದಾರಿ ಇತ್ತು. ಎಫ್‌ಡಿ ಇಟ್ಟ ಬ್ಯಾಂಕಿನಲ್ಲೇ ಅದರ ಮೇಲೆ ಸಾಲ ಸಿಗುತ್ತದೆ. ಬಡ್ಡಿ ಸಾಮಾನ್ಯವಾಗಿ ಎಫ್‌ಡಿ ದರಕ್ಕಿಂತ ಒಂದೆರಡು ಪರ್ಸೆಂಟ್ ಜಾಸ್ತಿ. ಅವರಿಗೆ ಎಂಟಕ್ಕೆ ಸಿಕ್ಕಿತು. ಒಂದೂವರೆ ಲಕ್ಷಕ್ಕೆ ತಿಂಗಳಿಗೆ ಬಡ್ಡಿ 1,000 ರೂಪಾಯಿ. ಮೊದಲು 4,500 ಕೊಡುತ್ತಿದ್ದರಲ್ವಾ? ಅದೇ 4,500 ರೂಪಾಯಿಯನ್ನು ಈಗ ಬ್ಯಾಂಕಿಗೆ ಕಟ್ಟುತ್ತಾ ಹೋದರೆ 38 ತಿಂಗಳಲ್ಲಿ ಅಸಲೂ ತೀರುತ್ತದೆ. ಎಫ್‌ಡಿ ಇದ್ದ ಹಾಗೇ ಇರುತ್ತದೆ. ಸಾವ್ಕಾರನಿಗೆ 38 ತಿಂಗಳು ಕೊಟ್ಟಿದ್ದರೆ 1,71,000 ರೂಪಾಯಿ ಹೋಗಿ ಅಸಲು ಹಾಗೇ ಉಳಿಯುತ್ತಿತ್ತು.

ಒಂದು ಎಚ್ಚರಿಕೆ ಹೇಳಬೇಕು. ತೆರಿಗೆ ಉಳಿಸಲು ಇಟ್ಟ ಐದು ವರ್ಷದ ಎಫ್‌ಡಿಯನ್ನು ಮಧ್ಯೆ ಮುರಿಯಲು ಬರುವುದಿಲ್ಲ, ಅದರ ಮೇಲೆ ಸಾಲವೂ ಸಿಗುವುದಿಲ್ಲ. ಜಂಟಿ ಹೆಸರಿನಲ್ಲಿದ್ದರೆ ಎಲ್ಲರ ಸಹಿ ಕೇಳಬಹುದು. ಅವಧಿಗೆ ಮುಂಚೆ ಮುರಿದರೆ ಬಡ್ಡಿ ಸ್ವಲ್ಪ ಕಡಿತವಾಗುತ್ತದೆ, ಆ ಕಡಿತ ಸಾವ್ಕಾರನ ಒಂದು ವರ್ಷದ ಬಡ್ಡಿಯ ಮುಂದೆ ಏನೂ ಅಲ್ಲ. ಇದ್ದಬದ್ದದ್ದೆಲ್ಲ ಸಾಲಕ್ಕೆ ಸುರಿದು ಮನೆಯಲ್ಲಿ ಔಷಧಿಗೂ ದುಡ್ಡಿಲ್ಲದಂತೆ ಮಾಡಿಕೊಳ್ಳಬೇಡಿ. ಒಂದು ತಿಂಗಳ ಖರ್ಚು ಕೈಯಲ್ಲಿರಲಿ. ಎಲ್ಲಕ್ಕಿಂತ ಮುಖ್ಯ, ಸಾವ್ಕಾರನಿಗೆ ಹಣ ಕೊಡುವ ದಿನ ಇಬ್ಬರು ಜೊತೆಯಲ್ಲಿರಲಿ. ಬರೆದುಕೊಟ್ಟ ಬಾಂಡ್ ಪೇಪರ್, ಸಹಿ ಹಾಕಿದ ಖಾಲಿ ಚೆಕ್ ವಾಪಸ್ ಬರುವ ತನಕ ಅಲ್ಲಿಂದ ಏಳಬೇಡಿ. ನಾಳೆ ಕೊಡುತ್ತೇನೆ ಅಂದರೆ ಹಣವನ್ನೂ ನಾಳೆಯೇ ಕೊಡಿ.

ಶಹಾಪುರದ ಕಡೆಯ ಒಬ್ಬ ತಾಯಿಯ ಕಥೆ ಬೇರೆ. ಅವರು ಗೃಹಲಕ್ಷ್ಮಿಯ ಎರಡು ಸಾವಿರವನ್ನು ಒಂದು ಪೈಸೆ ಮುಟ್ಟದೆ ಚೀಟಿಗೆ ಹಾಕುತ್ತಿದ್ದರು. ಬಹಳ ಹೆಮ್ಮೆಯಿಂದ ಹೇಳಿದರು. ಮಾತಾಡುತ್ತಾ ಹೋದ ಹಾಗೆ 20,000 ರೂಪಾಯಿಯ ಕೈಸಾಲವೊಂದು ಹೊರಗೆ ಬಂತು. ಬಡ್ಡಿ ನೂರಕ್ಕೆ ಐದು. ತಿಂಗಳಿಗೆ ಸಾವಿರ ರೂಪಾಯಿ ಕೂಲಿ ದುಡ್ಡು ಅದಕ್ಕೆ ಹೋಗುತ್ತಿತ್ತು. ಆ ಎರಡು ಸಾವಿರವನ್ನು ಸಾಲಕ್ಕೆ ಕಟ್ಟಿ ಅಂದೆ. "ಅಂವ ಬಿಡಿಬಿಡಿಯಾಗಿ ತಗೊಳ್ಳಲ್ರಿ. ಅಸಲು ಕೊಟ್ರ ಇಡೀ ಕೊಡಬೇಕಂತಾನ" ಅಂದರು.

ಇದು ನಾನು ಪುಸ್ತಕದಲ್ಲಿ ಓದಿದ್ದಲ್ಲ, ಅವರೇ ಕಲಿಸಿದ್ದು. ನಮ್ಮ ಕಡೆಯ ಕೈಸಾಲ ಅಲುಗಾಡದೆ ನಿಲ್ಲುವುದೇ ಈ ಒಂದು ಷರತ್ತಿನಿಂದ. ಬಡವರ ಕೈಗೆ 20,000 ಒಟ್ಟಿಗೆ ಬರುವುದು ಯಾವಾಗ? ಅವರು ಹತ್ತು ವರ್ಷದಿಂದ ಸ್ತ್ರೀಶಕ್ತಿ ಸಂಘದ ಸದಸ್ಯರು. ಸಂಘದಲ್ಲಿ ಒಳಸಾಲಕ್ಕೆ ನೂರಕ್ಕೆ ಒಂದು ಬಡ್ಡಿ. ಅಲ್ಲಿ 20,000 ತೆಗೆದು ಕೈಸಾಲ ಒಂದೇ ಸಲ ತೀರಿಸಿದರು. ಗೃಹಲಕ್ಷ್ಮಿಯ ಹಣವನ್ನು ತಿಂಗಳಿಗೆ ಎರಡು ಸಾವಿರದಂತೆ ಸಂಘಕ್ಕೆ ಕಟ್ಟಿದರೆ 11 ಕಂತಿಗೆ ಮುಗಿಯುತ್ತದೆ. ಸರ್ಕಾರದ ಹಣ ತಡವಾಗಿ ಬಂದ ತಿಂಗಳು ಕೂಲಿಯಿಂದ ಹೊಂದಿಸಬೇಕಾಗುತ್ತದೆ, ಅದನ್ನೂ ಮೊದಲೇ ಹೇಳಿದೆ. ಸಂಘಕ್ಕೆ ಕೊಟ್ಟ ಬಡ್ಡಿ ಆ ಹೆಣ್ಣುಮಕ್ಕಳ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಈಗ ಸರ್ಕಾರ, ಬ್ಯಾಂಕುಗಳ ವಿಷಯ. ಕಾನೂನು ಇಲ್ಲ ಅಂತಲ್ಲ. 1961ರ ಕರ್ನಾಟಕ ಲೇವಾದೇವಿಗಾರರ ಕಾಯ್ದೆ ಎಷ್ಟೋ ವರ್ಷದಿಂದ ಇದೆ. ಲೈಸೆನ್ಸ್ ಇರುವ ಲೇವಾದೇವಿಗಾರ ಅಡಮಾನವಿದ್ದರೆ ವರ್ಷಕ್ಕೆ 14, ಇಲ್ಲದಿದ್ದರೆ 16 ಪರ್ಸೆಂಟ್ ಮೀರಬಾರದು. 2025ರ ಫೆಬ್ರವರಿಯಲ್ಲಿ ಸಾಲ ವಸೂಲಿಯ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಲದ ಎಲ್ಲ ಖರ್ಚು ಸೇರಿಸಿದ ವರ್ಷದ ದರವನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕು ಅಂತ ಮಾಡಿದೆ. ಒಳ್ಳೆಯ ಕೆಲಸ. ಆದರೆ ಆ ಹಾಳೆಯಲ್ಲಿ ಇರುವುದೂ ವರ್ಷದ ಪರ್ಸೆಂಟೇ. ಅದರಲ್ಲಿ 24 ಅಂತ ಕಂಡ ಕೂಡಲೇ ನಮ್ಮ ಜನ ಬೆಚ್ಚಿ ಎದ್ದು ಹೋಗಿ, ಐದಕ್ಕೆ ಕೊಡುವವನ ಮನೆ ಬಾಗಿಲು ತಟ್ಟುತ್ತಾರೆ. ಐದು ಕಡಿಮೆ ಅಲ್ವಾ!

ಹಣಕಾಸು ಸಾಕ್ಷರತೆ ಅಂತ ಶಿಬಿರ ಮಾಡುತ್ತೇವೆ, ಬ್ಯಾನರ್ ಕಟ್ಟುತ್ತೇವೆ. ಜನರಿಗೆ ಪರ್ಸೆಂಟ್ ಕಲಿಸಲು ಹೊರಡುತ್ತೇವೆ. ನನಗೆ ಈಗೀಗ ಅನಿಸುತ್ತಿದೆ, ಕಲಿಯಬೇಕಾದವರು ನಾವು. ಊರಿನ ಬಡ್ಡಿಯ ಭಾಷೆ ನೂರಕ್ಕೆ ತಿಂಗಳಿಗೆ ಎಷ್ಟು ಅನ್ನುವುದು. ಬ್ಯಾಂಕಿನ ಬೋರ್ಡೂ ಅದೇ ಭಾಷೆಯಲ್ಲಿ ಮಾತಾಡಲಿ. ಎಫ್‌ಡಿಗೆ ಏಳು ಅನ್ನುವ ಬದಲು "ನಿಮ್ಮ ನೂರು ರೂಪಾಯಿಗೆ ತಿಂಗಳಿಗೆ 58 ಪೈಸೆ ಕೊಡುತ್ತೇವೆ" ಅಂತ ಬರೆಯಲಿ. ಎಫ್‌ಡಿ ಮೇಲಿನ ಸಾಲ 67 ಪೈಸೆ. ವಾಯಿದೆಗೆ ಸರಿಯಾಗಿ ಕಟ್ಟುವ ರೈತನಿಗೆ ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲ ವರ್ಷಕ್ಕೆ ನಾಲ್ಕು ಬೀಳುತ್ತದೆ, ಅಂದರೆ 33 ಪೈಸೆ. ಸಹಕಾರಿ ಸಂಘದ ಅಲ್ಪಾವಧಿ ಬೆಳೆಸಾಲಕ್ಕೆ 5 ಲಕ್ಷದವರೆಗೆ ಬಡ್ಡಿಯೇ ಇಲ್ಲ. ಕಾನೂನು ಒಪ್ಪುವ 16 ಪರ್ಸೆಂಟ್ ಅಂದರೆ 1 ರೂಪಾಯಿ 33 ಪೈಸೆ. ಇವುಗಳ ಕೆಳಗೆ ಸಾವ್ಕಾರನ 3 ರೂಪಾಯಿಯನ್ನು ಅವರೇ ಬರೆದುಕೊಳ್ಳಲಿ. ಯಾರೂ ಭಾಷಣ ಮಾಡಬೇಕಿಲ್ಲ. ಪಂಚಾಯಿತಿ ಗೋಡೆ, ಸೊಸೈಟಿ ಗೋಡೆ, ನ್ಯಾಯಬೆಲೆ ಅಂಗಡಿಯ ಗೋಡೆ ಸಾಕು. ಒಂದು ಡಬ್ಬಿ ಬಣ್ಣದ ಖರ್ಚು.

ಆ ಆಳಂದದ ರೈತರಿಗೂ ಕೊನೆಗೆ ವಿಷಯ ಹೊಕ್ಕಿದ್ದು ಹೀಗೆಯೇ. ಮೂವತ್ತಾರು ಅಂದಾಗ ಸುಮ್ನೆ ತಲೆ ಆಡಿಸಿದ್ದರು. "ಬ್ಯಾಂಕ್ ನಿಮಗೆ ಕೊಡೋದು 58 ಪೈಸೆ, ನೀವು ಕೊಡೋದು ಮೂರು ರೂಪಾಯಿ" ಅಂದಾಗ ಮಾತು ನಿಂತಿತು. ಟವಲ್‌ನಿಂದ ಮುಖ ಒರೆಸಿಕೊಂಡರು. "ಎರಡು ವರ್ಷ ಆತಲ್ರೀ ಸರ" ಅಂದರು. ನಾನು ಚಹಾ ತರಿಸಿದೆ. ಅಷ್ಟು ಬಿಟ್ಟು ಬೇರೇನು ಮಾಡಬೇಕೋ ತೋಚಲಿಲ್ಲ.

ಸಾಲ ತೀರಿಸಿ ಹದಿನೈದು ದಿನಕ್ಕೆ ಮತ್ತೆ ಬಂದರು. ಮುಖದಲ್ಲಿ ಸಂತೋಷ ಇರಲಿಲ್ಲ. ಸಾವ್ಕಾರನಿಗೆ ಬೇಜಾರಾಗಿತ್ತಂತೆ. "ಯಾಕೋ, ನಾ ಏನರ ಕೇಳಿದ್ನೇನು? ನಿನಗ ಎಂದರ ಜುಲುಮಿ ಮಾಡೀನೇನು?" ಅಂದನಂತೆ. ಅವನು ಕೆಟ್ಟ ಮನುಷ್ಯ ಅಲ್ಲ ಅಂತ ರೈತರೇ ಹೇಳಿದರು. ಹೆಂಡತಿಗೆ ಹೆರಿಗೆಯಲ್ಲಿ ತೊಂದರೆಯಾಗಿ ರಾತ್ರಿ ಎರಡಕ್ಕೆ ಕಲಬುರಗಿಗೆ ಕರೆದುಕೊಂಡು ಬರುವಾಗ ಕೈಗೆ ದುಡ್ಡು ಕೊಟ್ಟವನು ಅವನೇ. ಬ್ಯಾಂಕು ಆ ಹೊತ್ತಿನಲ್ಲಿ ಬಾಗಿಲು ತೆರೆಯುವುದಿಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಇದೆ ಅಂತ ನಟಿಸುವುದೂ ಇಲ್ಲ. ಆ ರಾತ್ರಿಯ ಸಾಲವನ್ನು ಬೆಳಗಾದ ಮೇಲೆ ಅಗ್ಗದ ಸಾಲಕ್ಕೆ ಬದಲಾಯಿಸಿಕೊಳ್ಳಿ, ವರ್ಷಗಟ್ಟಲೆ ಅಲ್ಲೇ ಬಿಡಬೇಡಿ ಅಂತ ಮಾತ್ರ ಹೇಳಬಲ್ಲೆ.

ಹಾಲಿನ ದುಡ್ಡು ಈಗ ತಿಂಗಳು ತಿಂಗಳು ಬ್ಯಾಂಕಿಗೆ ಹೋಗುತ್ತಿದೆ. ಹೋದ ವಾರ ಪಾಸ್‌ಬುಕ್ ತಂದು ತೋರಿಸಿದರು. 14 ಕಂತು ಮುಗಿದಿದೆ. ಸೀಗಿ ಹುಣ್ಣಿಮೆಗೆ ಹೊಲಕ್ಕೆ ಊಟಕ್ಕೆ ಬನ್ನಿ ಅಂತ ಕರೆದರು. ಸಾವ್ಕಾರನನ್ನೂ ಕರೆಯುತ್ತಾರಂತೆ.