ಐರ್ಲೆಂಡಿನ ಹಳೆಯ ದೇವರುಗಳು ಕ್ರೈಸ್ತ ಮಠ ಹೊಕ್ಕ ಬಗೆ

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಐರ್ಲೆಂಡಿನ ಕೆಲ್ಟಿಕ್ ಪುರಾಣ ನಮಗೆ ಸಿಕ್ಕಿರುವುದು ಕ್ರೈಸ್ತ ಪಂಡಿತರ ಹಸ್ತಪ್ರತಿಗಳಲ್ಲಿ. ಸ್ಥಳೀಯ ಓಘಮ್ ಲಿಪಿ ಬಳಕೆಯಾದದ್ದು ಹೆಚ್ಚಾಗಿ ಕಲ್ಲಿನ ಮೇಲೆ ಹೆಸರು ಕೆತ್ತಲು. ಕಥೆಗಳೆಲ್ಲ ಬಾಯಲ್ಲೇ ಇದ್ದವು. ಹಾಗಾಗಿ ಈ ಪಾಠದಲ್ಲಿ ಕಣ್ಣಿಡಬೇಕಾದದ್ದು ದೇವರ ಮೇಲಲ್ಲ, ಬರೆದವನ ಮೇಲೆ.

ಅವನ ಇಬ್ಬಂದಿ ಚೆನ್ನಾಗಿ ಕಾಣುವುದು 12ನೇ ಶತಮಾನದ 'ಬುಕ್ ಆಫ್ ಲೀನ್‌ಸ್ಟರ್'ನಲ್ಲಿ. ಗೂಳಿಯೊಂದಕ್ಕಾಗಿ ನಡೆದ ಯುದ್ಧದ ಕಥೆ 'ತಾಯ್ನ್' ಮುಗಿದ ಮೇಲೆ, ಇದನ್ನು ಇದ್ದಂತೆಯೇ ನೆನಪಿಟ್ಟುಕೊಂಡವರಿಗೆ ಒಳ್ಳೆಯದಾಗಲಿ ಎಂದು ಐರಿಷ್‌ನಲ್ಲಿ ಹರಕೆಯಿದೆ. ಅದರ ಬೆನ್ನಿಗೇ ಲ್ಯಾಟಿನ್‌ನಲ್ಲಿ: ಇದನ್ನು ನಾನು ನಂಬುವುದಿಲ್ಲ, ಇದರಲ್ಲಿ ಕೆಲವು ಪಿಶಾಚಿಗಳ ಮೋಸ, ಕೆಲವು ಕವಿಗಳ ಕಲ್ಪನೆ, ಕೆಲವು ಮೂಢರನ್ನು ರಂಜಿಸಲು ಇರುವಂಥವು! ನಂಬಿಕೆಯಿಲ್ಲದಿದ್ದರೆ ಅಷ್ಟುದ್ದದ ಕಥೆ ಬರೆಯುವ ಉಸಾಬರಿ ಯಾಕಪ್ಪ?

ಏಕೆಂದರೆ ಅದು ನಾಡಿನ ಚರಿತ್ರೆಯೂ ಆಗಿತ್ತು. ಬಿಡಲಾಗದ್ದನ್ನು ಬೈಬಲ್ಲಿನ ಕಾಲಗಣನೆಯೊಳಗೆ ಕೂರಿಸಿದರು. 11ನೇ ಶತಮಾನದಲ್ಲಿ ರೂಪುಗೊಂಡ 'ಲೆಬೋರ್ ಗಬಾಲ' ಎಂಬ ಗ್ರಂಥದಲ್ಲಿ ಐರ್ಲೆಂಡಿಗೆ ಮೊದಲು ಬಂದಿಳಿದವಳು ನೋಹನ ಮೊಮ್ಮಗಳು ಕೆಸ್ಸೇರ್. ಹಳೆಯ ದೇವಕುಲವಾದ ತೂಹಾ ದೇ ದನನ್ ಅಲ್ಲಿ ಮಾಟ ಬಲ್ಲ ಒಂದು ಜನಾಂಗ ಮಾತ್ರ. ಗೆದ್ದು, ಆಳಿ, ಸೋಲುತ್ತದೆ.

ವೀರರಿಗೆ ಇನ್ನೂ ಸೊಗಸಾದ ದಾರಿ ಹುಡುಕಿದರು. ಅಲ್‌ಸ್ಟರ್‌ನ ರಾಜ ಕೊನ್ಹೋವರ್‌ನ ತಲೆಯಲ್ಲಿ, ಸತ್ತ ಶತ್ರುವಿನ ಮಿದುಳಿಗೆ ಸುಣ್ಣ ಬೆರೆಸಿ ಮಾಡಿದ ಉಂಡೆ ನಾಟಿಕೊಂಡಿರುತ್ತದೆ. ಸಿಟ್ಟಾದರೆ ಸಾವು ಎಂದು ವೈದ್ಯ ಎಚ್ಚರಿಸಿರುತ್ತಾನೆ. ಯೇಸುವನ್ನು ಶಿಲುಬೆಗೇರಿಸಿದ ಸುದ್ದಿ ಕೇಳಿ ರಾಜ ಕೆರಳುತ್ತಾನೆ, ಉಂಡೆ ಸಿಡಿದು ಬೀಳುತ್ತದೆ. ಸುರಿದ ರಕ್ತವೇ ಅವನ ದೀಕ್ಷಾಸ್ನಾನ ಎನ್ನುತ್ತದೆ ಈ ಕಥೆಯ ಒಂದು ಪಾಠಾಂತರ. ಐರ್ಲೆಂಡಿನಲ್ಲಿ ಕ್ರೈಸ್ತಮತ ಹರಡಿದ ಸಂತ ಪ್ಯಾಟ್ರಿಕ್‌ಗಿಂತ ನಾಲ್ಕು ಶತಮಾನ ಹಿಂದಿನವನಿಗೂ ಹೀಗೆ ಸ್ವರ್ಗ ಸಿಕ್ಕಿತು.

ಸುಮಾರು 1200ರ 'ಅಗಲ್ಲವ್ ನ ಸೆನೋರಹ್' ಎಂಬ ಕೃತಿ ಇದಕ್ಕೂ ಒಂದು ಹೆಜ್ಜೆ ಮುಂದೆ. ಹಳೆಯ ವೀರರ ಪಡೆಯಲ್ಲಿ ಬದುಕುಳಿದ ಮುದಿ ವೀರ ಕೀಲ್ಚೆ ಪ್ಯಾಟ್ರಿಕ್‌ಗೆ ಹಳೆಯ ಕಥೆ ಹೇಳುತ್ತಾನೆ. ಸಂತನಿಗೆ ಇಷ್ಟವಾಗುತ್ತದೆ, ಜೊತೆಗೇ ಅಳುಕು: ಪ್ರಾರ್ಥನೆಗೆ ಭಂಗ ಬಂತಲ್ಲ! ದೇವದೂತರು ಬಂದು, ಬರೆಸಿಡು ಎನ್ನುತ್ತಾರೆ. ಕಥೆ ಬರೆಯಲು ಅಪ್ಪಣೆಯನ್ನು ಕಥೆಯೊಳಗೇ ಕೊಡಿಸಿಕೊಂಡ ಈ ಜಾಣತನ ನನಗೆ ಎಲ್ಲಕ್ಕಿಂತ ಇಷ್ಟ.

ಬ್ರಿಜಿಡ್ ವಿಷಯದಲ್ಲಿ ಹುಷಾರು. ಸುಮಾರು 900ರ ಕಾರ್ಮಾಕ್‌ನ ನಿಘಂಟು ಅವಳನ್ನು ಕವಿಗಳು ಪೂಜಿಸುತ್ತಿದ್ದ ದೇವತೆ ಎನ್ನುತ್ತದೆ; ಕಿಲ್ಡೇರ್‌ನ ಸಂತಳಿಗೂ ಅದೇ ಹೆಸರು, ಅವಳ ಹಬ್ಬ ವಸಂತದ ಆರಂಭದ ಹಳೆಯ ಹಬ್ಬ ಇಂಬೋಲ್ಕ್‌ನ ದಿನವಾದ ಫೆಬ್ರವರಿ 1ರಂದೇ. ಆದರೆ ದೇವತೆಯೇ ಸಂತಳಾದಳೋ, ಆ ಹೆಸರಿನ ಸನ್ಯಾಸಿನಿಯೊಬ್ಬಳಿಗೆ ದೇವತೆಯ ಗುಣಗಳು ಅಂಟಿಕೊಂಡವೋ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಉತ್ತರ ಬರೆಯುವಾಗ ಎರಡನ್ನೂ ಹೇಳಿ.