ಬ್ಯಾಟರಿ ಟರ್ಮಿನಲ್ಲಿನ ಕಿಲುಬು: ಕಣ್ಣಿಗೆ ಕಾಣುವುದು ಒಂದು, ಕಾರನ್ನು ನಿಲ್ಲಿಸುವುದು ಇನ್ನೊಂದು

ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹೊತ್ತಿಕೊಂಡು, ಹಾರನ್ ಕೂಡ ಜೋರಾಗಿಯೇ ಮೊಳಗಿ, ಎಂಜಿನ್ ಮಾತ್ರ ಹೊರಳದೆ ಬಾನೆಟ್ಟಿನೊಳಗಿಂದ ‘ಟಕ್’ ಎಂಬ ಒಂದೇ ಸದ್ದು ಕೇಳಿಬಂದರೆ, ಬ್ಯಾಟರಿ ಹೋಯಿತೆಂದು ತೀರ್ಮಾನಿಸಿ ಹೊಸದಕ್ಕೆ ಹಣ ತೆರುವವರು ಬಹಳ. ಬ್ಯಾಟರಿಯೇ ಕೈಕೊಟ್ಟಿರುವ ಸಾಧ್ಯತೆ ಇಲ್ಲದಿಲ್ಲ. ಆದರೆ ದೀಪಗಳು ಎಂದಿನಂತೆ ಉರಿಯುತ್ತಿದ್ದು ಸೆಲ್ಫ್ ಮಾತ್ರ ಕೆಲಸ ಮಾಡುತ್ತಿಲ್ಲವೆಂದರೆ, ಮೊದಲು ನೋಡಬೇಕಾದದ್ದು ಬ್ಯಾಟರಿಯ ಒಳಗನ್ನಲ್ಲ. ಅದರ ನೆತ್ತಿಯ ಮೇಲಿರುವ ಎರಡು ಸೀಸದ ಗೂಟಗಳಿಗೂ (ಟರ್ಮಿನಲ್‌ಗಳು ಇವೇ) ಅವನ್ನು ತಬ್ಬಿ ಹಿಡಿದಿರುವ ಕೇಬಲ್ಲಿನ ಕ್ಲ್ಯಾಂಪ್‌ಗಳಿಗೂ ನಡುವಿನ ಸಂದನ್ನು.

ಓಮ್‌ನ ನಿಯಮವೊಂದೇ ಇದನ್ನು ವಿವರಿಸಲು ಸಾಕು: ಹರಿಯುವ ಪ್ರವಾಹವನ್ನು ದಾರಿಯ ರೋಧದಿಂದ ಗುಣಿಸಿದಷ್ಟು ವೋಲ್ಟ್ ಅಲ್ಲಿ ಕಳೆದುಹೋಗುತ್ತದೆ. ಆ ಸಂದಿನಲ್ಲಿ 0.02 ಓಮ್‌ನಷ್ಟು ರೋಧ ಹುಟ್ಟಿಕೊಂಡಿದೆ ಎಂದಿಟ್ಟುಕೊಳ್ಳೋಣ. ಹೆಡ್‌ಲೈಟುಗಳು ಎಳೆಯುವ ಪ್ರವಾಹ ಹೆಚ್ಚೆಂದರೆ 10 ಆಂಪಿಯರ್. ಅಲ್ಲಿ ಕಳೆದುಹೋಗುವುದು 0.2 ವೋಲ್ಟ್ ಮಾತ್ರ, ಬೆಳಕಿನಲ್ಲಿ ಆಗುವ ಕೊರತೆ ಯಾರ ಕಣ್ಣಿಗೂ ಬೀಳದು. ಎಂಜಿನ್ನನ್ನು ಹೊರಳಿಸುವ ಸ್ಟಾರ್ಟರ್ ಮೋಟಾರಿನ ಹಸಿವು ಬೇರೆಯದೇ. ಸಣ್ಣ ಪೆಟ್ರೋಲ್ ಕಾರಿನಲ್ಲೂ ಅದು ನೂರರಿಂದ ಇನ್ನೂರು ಆಂಪಿಯರ್ ಕೇಳುತ್ತದೆ. 150 ಆಂಪಿಯರ್ ಹರಿಯಬೇಕಾದರೆ ಅದೇ 0.02 ಓಮ್ 3 ವೋಲ್ಟನ್ನು ನುಂಗಿಹಾಕುತ್ತದೆ. ಹೊರೆ ಬಿದ್ದಾಗ ಬ್ಯಾಟರಿಯ ಗೂಟದಲ್ಲಿ ಹತ್ತೂವರೆ ವೋಲ್ಟ್ ಇದ್ದರೂ ಮೋಟಾರಿಗೆ ತಲುಪುವುದು ಏಳೂವರೆ. ಉಳಿದದ್ದು ಸಂದಿನಲ್ಲೇ 450 ವಾಟ್‌ನ ಶಾಖವಾಗುತ್ತದೆ, ಅಂದರೆ ಮನೆಯ ಇಸ್ತ್ರಿಪೆಟ್ಟಿಗೆಯ ಅರ್ಧದಷ್ಟು ಬಿಸಿ ಒಂದು ಬೆರಳುಗಾತ್ರದ ಜಾಗದಲ್ಲಿ. ಎರಡು ಮೂರು ಸಲ ಸೆಲ್ಫ್ ಹೊಡೆದು, ಕೀಲಿ ತೆಗೆದು, ಕ್ಲ್ಯಾಂಪನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿದರೆ ಕೆಟ್ಟ ಜೋಡಣೆ ಬಿಸಿಯಾಗಿರುವುದು ಕೈಗೇ ತಿಳಿಯುತ್ತದೆ.

ಇಷ್ಟು ಸಣ್ಣ ರೋಧ ಎಲ್ಲಿಂದ ಬರುತ್ತದೆ? ಗೂಟದ ಸುತ್ತ ಹೂಕೋಸಿನಂತೆ ಅರಳಿ ನಿಂತ ಬಿಳಿ ಅಥವಾ ನೀಲಿ ಪುಡಿಯ ಮೇಲೆ ಎಲ್ಲರೂ ದೋಷ ಹೊರಿಸುತ್ತಾರೆ. ಅದು ಹೊರಗೆ ಬೆಳೆದ ಬೆಳೆ. ವಿದ್ಯುತ್ತಿನ ದಾರಿಗೆ ನೇರವಾಗಿ ಅಡ್ಡ ನಿಂತಿರುವುದು ಅದಲ್ಲ. ಸ್ವೀಡನ್ನಿನ ಭೌತವಿಜ್ಞಾನಿ ರಾಗ್ನರ್ ಹೋಲ್ಮ್ ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ ಸಂಪರ್ಕಗಳ ಅಧ್ಯಯನಕ್ಕೆ ಭದ್ರ ಅಡಿಪಾಯ ಹಾಕಿದವರು. ಒಂದಕ್ಕೊಂದು ಒತ್ತಿ ಹಿಡಿದ ಎರಡು ಲೋಹಗಳು, ನಮ್ಮ ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ, ಅಲ್ಲಲ್ಲಿ ತಲೆಯೆತ್ತಿದ ಸೂಕ್ಷ್ಮ ಉಬ್ಬುಗಳಲ್ಲಿ ಮಾತ್ರ ನಿಜವಾಗಿ ತಾಗಿಕೊಂಡಿರುತ್ತವೆ ಎಂಬುದು ಆ ವಿಜ್ಞಾನದ ಮೂಲ ಪಾಠ. ಮುಟ್ಟಿದಂತೆ ಕಾಣುವ ವಿಸ್ತೀರ್ಣದ ತೀರ ಚಿಕ್ಕ ಪಾಲು ಮಾತ್ರ ಪ್ರವಾಹವನ್ನು ದಾಟಿಸುತ್ತದೆ. ಉಳಿದೆಡೆ ಇರುವುದು ಗಾಳಿ. ಆ ಗಾಳಿಯ ಸಂದಿಗೆ ತೇವ ಮತ್ತು ಆಮ್ಲ ನುಸುಳಿದರೆ ಉಬ್ಬುಗಳ ಬುಡದಿಂದಲೇ ಲವಣ ಬೆಳೆಯಲು ತೊಡಗಿ, ಒಂದೊಂದಾಗಿ ಸಂಪರ್ಕಬಿಂದುಗಳನ್ನು ಬೇರ್ಪಡಿಸುತ್ತ ಹೋಗುತ್ತದೆ. ಕ್ಲ್ಯಾಂಪ್ ಬಿಚ್ಚಿದಾಗ ಅದರ ಒಳಮೈಗೆ ಅಂಟಿಕೊಂಡಿರುವ ಕಾಗದಕ್ಕಿಂತ ತೆಳುವಾದ ಬೂದು ಅಥವಾ ಕಂದು ಪೊರೆಯೇ ಕಾರನ್ನು ನಿಲ್ಲಿಸುವ ಆಸಾಮಿ. ಹೊರಗೆ ಪುಡಿಯ ಸುಳಿವೇ ಇಲ್ಲದ ಟರ್ಮಿನಲ್ ಒಳಗೆ ಹಾಳಾಗಿರುವುದೂ, ಹೊರಗೆ ಗುಡ್ಡೆಯಾಗಿದ್ದರೂ ಕಾರು ಹೊಡೆದ ಕೂಡಲೆ ಚಾಲೂ ಆಗುವುದೂ ಇದರಿಂದಲೇ.

ಇನ್ನು ಆ ಆಮ್ಲದ ಮೂಲ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದ ಸೀಸ–ಆಮ್ಲದ ಬ್ಯಾಟರಿಯೇ ಇಂದಿಗೂ ನಮ್ಮ ಕಾರುಗಳನ್ನು ಎಬ್ಬಿಸುತ್ತಿರುವುದು. ಆರು ಕೋಶಗಳು, ಪ್ರತಿಯೊಂದರಲ್ಲೂ ಸುಮಾರು 2.1 ವೋಲ್ಟ್, ಒಳಗೆ ನೀರು ಬೆರೆತ ಗಂಧಕಾಮ್ಲ. ಎಂಜಿನ್ ಓಡುತ್ತಿರುವಾಗ ಅದರಿಂದಲೇ ತಿರುಗಿ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರು ಬ್ಯಾಟರಿಗೆ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಒದಗಿಸುತ್ತದೆ. ಬ್ಯಾಟರಿ ತುಂಬಿದ ಮೇಲೂ ಪ್ರವಾಹ ಹರಿಯುತ್ತಲೇ ಇದ್ದರೆ ಅದರ ಒಂದು ಪಾಲು ನೀರನ್ನು ಒಡೆದು ಜಲಜನಕ ಮತ್ತು ಆಮ್ಲಜನಕದ ಗುಳ್ಳೆಗಳನ್ನು ಎಬ್ಬಿಸುತ್ತದೆ. ಗುಳ್ಳೆ ಒಡೆಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಆಮ್ಲದ ಹನಿಗಳು ಚಿಮ್ಮಿ, ಅನಿಲದ ಜೊತೆಗೆ ಮುಚ್ಚಳದ ರಂಧ್ರದಿಂದ ಹೊರಬೀಳುತ್ತವೆ. ಗಂಧಕಾಮ್ಲ ನೀರಿನಂತೆ ಆವಿಯಾಗಿ ಹೋಗುವ ವಸ್ತುವಲ್ಲ. ಹನಿಯ ನೀರು ಆರಿದಷ್ಟೂ ಆಮ್ಲ ಗಾಢವಾಗುತ್ತದೆ, ಅಷ್ಟೇ ಅಲ್ಲ, ಗಾಳಿಯ ತೇವವನ್ನು ಮತ್ತೆ ಹೀರಿಕೊಂಡು ಹಸಿಯಾಗಿಯೇ ಉಳಿಯುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಈ ಕಾಟ ಹೆಚ್ಚಲು ಇದೂ ಒಂದು ಕಾರಣ. ಬ್ಯಾಟರಿಯ ಮುಚ್ಚಳದಲ್ಲಿ ಸೀಸದ ಗೂಟ ಪ್ಲಾಸ್ಟಿಕ್ಕನ್ನು ಸೀಳಿಕೊಂಡು ಮೇಲೆ ಬರುವ ಜಾಗ ಇನ್ನೊಂದು ಬಾಗಿಲು: ಅಲ್ಲಿನ ಸಂದನ್ನು ಮುಚ್ಚಿರುವ ಮುದ್ರೆ (ಸೀಲ್) ಬಿರುಕು ಬಿಟ್ಟರೆ ಆಮ್ಲ ಗೂಟದ ಮೈಗುಂಟ ತಾನೇ ಮೇಲಕ್ಕೆ ಹತ್ತುತ್ತದೆ.

ಹಾಗಾದರೆ ಗೂಟಕ್ಕೆ ಸೀಸವನ್ನೇ ಏಕೆ ಬಳಸಬೇಕು ಎಂಬ ಪ್ರಶ್ನೆ ಸಹಜ. ಗಂಧಕಾಮ್ಲವನ್ನು ತಾಳಿಕೊಳ್ಳುವ ಅಗ್ಗದ ಲೋಹ ಅದಕ್ಕಿಂತ ಬೇರೆ ಸಿಗದು. 1746ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾನ್ ರೋಬಕ್ ಗಂಧಕಾಮ್ಲ ತಯಾರಿಸಲು ಗಾಜಿನ ಬುರುಡೆಗಳನ್ನು ಬಿಟ್ಟು ಸೀಸದ ಕೋಣೆಗಳನ್ನು ಬಳಸತೊಡಗಿದ್ದು ಈ ಗುಣವನ್ನು ನಂಬಿಯೇ. ಆಮ್ಲ ತಾಗಿದ ಕ್ಷಣದಲ್ಲಿ ಸೀಸದ ಮೇಲ್ಮೈ ಸೀಸದ ಸಲ್ಫೇಟ್ ಆಗುತ್ತದೆ. ಅದು ನೀರಿನಲ್ಲಿ ಬಹುಮಟ್ಟಿಗೆ ಕರಗುವುದೇ ಇಲ್ಲ, ಲೀಟರಿಗೆ ಕೆಲವು ಹತ್ತು ಮಿಲಿಗ್ರಾಂ ಅಷ್ಟೆ. ಕರಗದೆ ಅಂಟಿಕೊಂಡ ಆ ಪೊರೆ ಒಳಗಿನ ಸೀಸವನ್ನು ಕಾಯುತ್ತದೆ. ಆದರೆ ಸೀಸದ ಸಲ್ಫೇಟ್ ವಿದ್ಯುತ್ತನ್ನು ಹರಿಯಬಿಡುವುದಿಲ್ಲ. ಗೂಟವನ್ನು ಉಳಿಸುವ ಪೊರೆಯೇ ಜೋಡಣೆಯನ್ನು ಕೆಡಿಸುತ್ತದೆ.

ಕೇಬಲ್ಲಿನೊಳಗಿನ ತಾಮ್ರದ ಕಥೆ ಇದಕ್ಕೆ ವಿರುದ್ಧ. ನೀರು ಬೆರೆತು ತೆಳುವಾದ ಗಂಧಕಾಮ್ಲ ತಾನೊಂದೇ ತಾಮ್ರವನ್ನು ತಿನ್ನಲಾರದು; ಗಾಳಿಯ ಆಮ್ಲಜನಕ ಜೊತೆಗೂಡಿದರೆ ತಿನ್ನುತ್ತದೆ. ಆಗ ಹುಟ್ಟುವ ತಾಮ್ರದ ಸಲ್ಫೇಟ್ ನಮ್ಮ ಅಡಿಕೆ ತೋಟದವರು ಕೊಳೆರೋಗಕ್ಕೆ ಸುಣ್ಣದೊಡನೆ ಬೆರೆಸಿ ಸಿಂಪಡಿಸುವ ಮೈಲುತುತ್ತವೇ. ಟರ್ಮಿನಲ್ಲಿನ ಮೇಲೆ ಕಾಣುವ ನೀಲಿ ಬಣ್ಣ ಅದರದು. ಇದು ನೀರಿನಲ್ಲಿ ಸಲೀಸಾಗಿ ಕರಗುವ ಲವಣವಾದ್ದರಿಂದ ತಾಮ್ರಕ್ಕೆ ಯಾವ ಕವಚವನ್ನೂ ಕೊಡುವುದಿಲ್ಲ. ಒಂದು ಪದರ ಕರಗಿದಂತೆ ಕೆಳಗಿನ ತಾಮ್ರ ಮತ್ತೆ ತೆರೆದುಕೊಳ್ಳುತ್ತದೆ. ಕೇಬಲ್ಲಿನ ತೆಳು ಎಳೆಗಳ ನಡುವಿನ ಸಂದುಗಳಲ್ಲಿ ಆಮ್ಲ ಬತ್ತಿಗೆ ಎಣ್ಣೆ ಏರಿದಂತೆ ಏರಿ, ಮೇಲಿನ ರಬ್ಬರು ಹೊದಿಕೆ ಚೆನ್ನಾಗಿಯೇ ಕಂಡರೂ ಒಳಗೆ ಅರ್ಧ ಎಳೆಗಳು ಹಸಿರು ಪುಡಿಯಾಗಿರುವುದುಂಟು. ಕ್ಲ್ಯಾಂಪಿನ ಬಳಿ ಕೇಬಲ್ಲನ್ನು ಬಾಗಿಸಿದಾಗ ಕರಕರ ಸದ್ದು ಬಂದರೆ ಅಥವಾ ಹೊದಿಕೆ ಉಬ್ಬಿದ್ದರೆ, ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಕೇಬಲ್ ಬದಲಿಸಬೇಕು. ಹೀಗೆ ಪುಡಿಯ ಬಣ್ಣವೇ ಒಂದಿಷ್ಟು ರೋಗನಿದಾನ ಮಾಡಿಕೊಡುತ್ತದೆ: ಬಿಳಿಯೊಂದೇ ಇದ್ದರೆ ತಿಂದಿರುವುದು ಹೆಚ್ಚಾಗಿ ಸೀಸವನ್ನು, ನೀಲಿ–ಹಸಿರು ಇದ್ದರೆ ತಾಮ್ರ ಅಥವಾ ಹಿತ್ತಾಳೆಯನ್ನು, ಕಂದು ತುಕ್ಕಿದ್ದರೆ ಬೋಲ್ಟು ಮತ್ತು ಬ್ಯಾಟರಿ ಕೂತಿರುವ ತಟ್ಟೆಯ ಕಬ್ಬಿಣವನ್ನು.

ಆಮ್ಲ ಮತ್ತು ಧೂಳು ಬೆರೆತ ಪೊರೆ ಬ್ಯಾಟರಿಯ ನೆತ್ತಿಯ ಮೇಲೆಲ್ಲ ಹರಡಿದ್ದರೆ ಅದು ತಾನೇ ಒಂದು ತೆಳು ತಂತಿಯಾಗುತ್ತದೆ. ವೋಲ್ಟ್ ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಮೈನಸ್ ಗೂಟಕ್ಕೆ ಇಟ್ಟು, ಇನ್ನೊಂದನ್ನು ಬ್ಯಾಟರಿಯ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಅಲ್ಲಲ್ಲಿ ಊರಿ ನೋಡಿ. ಶುಚಿಯಾದ, ಒಣಗಿದ ಮುಚ್ಚಳದ ಮೇಲೆ ಮೀಟರು ಸುಮ್ಮನಿರಬೇಕು. ಕೊಳಕು ಬ್ಯಾಟರಿಯ ಮೇಲೆ ಪ್ಲಸ್ ಕಡೆಗೆ ಸರಿದಂತೆಲ್ಲ ಅಂಕಿ ಏರುತ್ತ ಹಲವು ವೋಲ್ಟ್ ತೋರಿಸುವುದುಂಟು. ಕಾರು ನಿಂತಿದ್ದಾಗಲೂ ಬ್ಯಾಟರಿ ಆ ದಾರಿಯಲ್ಲಿ ಸೋರುತ್ತಿದೆ ಎಂದರ್ಥ.

ಜೋಡಣೆಯ ಪರೀಕ್ಷೆಗೂ ಅದೇ ಮೀಟರು ಸಾಕು. ಒಂದು ಕಡ್ಡಿ ಗೂಟದ ನೆತ್ತಿಯ ನಡುವೆ, ಇನ್ನೊಂದು ಅದೇ ಗೂಟದ ಕ್ಲ್ಯಾಂಪಿನ ಮೇಲೆ ಇರಲಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಒಳ್ಳೆಯ ಜೋಡಣೆಯಲ್ಲಿ ವೋಲ್ಟಿನ ಹತ್ತನೆಯ ಒಂದು ಭಾಗವೂ ಕಾಣಿಸುವುದಿಲ್ಲ. ಅರ್ಧ ವೋಲ್ಟ್ ಕಂಡರೆ ಬಿಚ್ಚಿ ಶುಚಿಗೊಳಿಸಲೇಬೇಕು. ಪ್ಲಸ್ಸಿನಲ್ಲಿ ಪುಡಿ ಎದ್ದು ಕಾಣುತ್ತದೆಂದು ಮೈನಸ್ಸನ್ನು ಬಿಡುವಂತಿಲ್ಲ. ಪ್ರವಾಹ ಎರಡರಲ್ಲೂ ಒಂದೇ.

ಬಿಚ್ಚುವಾಗ ಮೊದಲು ಮೈನಸ್, ಕೂಡಿಸುವಾಗ ಕೊನೆಗೆ ಮೈನಸ್. ಕಾರಿನ ಮೈಯೆಲ್ಲ ಮೈನಸ್ಸಿಗೆ ಸೇರಿರುವುದರಿಂದ, ಪ್ಲಸ್ಸಿನ ಬೋಲ್ಟಿನ ಮೇಲಿರುವ ಸ್ಪ್ಯಾನರ್ ಬಾನೆಟ್ಟಿನ ಅಂಚಿಗೆ ತಾಗಿದರೆ ನೇರ ಶಾರ್ಟ್ ಆಗುತ್ತದೆ. ಮೈನಸ್ ಮೊದಲೇ ಕಳಚಿದ್ದರೆ ತಾಗಿದರೂ ಏನಾಗದು. ಶಾರ್ಟ್ ಆದಾಗ ಹಾರುವ ಕಿಡಿ ಇಲ್ಲಿ ಅಪಾಯಕಾರಿ: ಬ್ಯಾಟರಿಯಿಂದ ಹೊರಬರುವ ಜಲಜನಕ ಗಾಳಿಯಲ್ಲಿ 4 ಶೇಕಡಾ ಇದ್ದರೂ ಕಿಡಿಗೆ ಹೊತ್ತಿಕೊಳ್ಳುವ ಅನಿಲ. ಈಗಿನ ಕೆಲವು ಕಾರುಗಳಲ್ಲಿ ಮೈನಸ್ ಕ್ಲ್ಯಾಂಪಿನಲ್ಲೇ ಪ್ರವಾಹ ಅಳೆಯುವ ಸಂವೇದಕವಿರುತ್ತದೆ, ಅದನ್ನು ತಿರುಚಿ ಎಳೆಯಬಾರದು. ಬಿಳಿ ಪುಡಿಯಲ್ಲಿ ಸೀಸವಿರುವುದರಿಂದ ಬಾಯಿಂದ ಊದುವ ಅಭ್ಯಾಸ ಒಳ್ಳೆಯದಲ್ಲ. ಕೈಗವಸು, ಕನ್ನಡಕ ಇರಲಿ.

ಶುಚಿಗೊಳಿಸಲು ಬಿಸಿನೀರು ಸುರಿಯುವವರು ಅರ್ಧ ಕೆಲಸ ಮಾಡಿದಂತೆ. ನೀಲಿ ಲವಣ ಕರಗಿ ಹೋಗುತ್ತದೆ, ಸೀಸದ ಸಲ್ಫೇಟ್ ಅಲ್ಲೇ ಇರುತ್ತದೆ, ಉಳಿದ ಆಮ್ಲ ತೆಳುವಾಗಿ ಇನ್ನಷ್ಟು ಅಗಲಕ್ಕೆ ಹರಡುತ್ತದೆ. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ಬ್ರಷ್ಷಿನಿಂದ ಹಚ್ಚಿದರೆ ಆಮ್ಲ ಮತ್ತು ಸೋಡಾ ಸೇರಿ ನೊರೆಯೇಳುತ್ತದೆ. ನೊರೆ ನಿಂತಿತೆಂದರೆ ಆಮ್ಲ ತೀರಿತು. ಆ ನೀರು ಮುಚ್ಚಳದ ರಂಧ್ರದಿಂದ ಕೋಶದೊಳಗೆ ಇಳಿದರೆ ಒಳಗಿನ ಆಮ್ಲವನ್ನೂ ಕೆಡಿಸುವುದರಿಂದ ರಂಧ್ರಗಳನ್ನು ಮುಚ್ಚಿಕೊಳ್ಳಬೇಕು. ಆನಂತರ ಗೂಟದ ಹೊರಮೈಯನ್ನೂ ಕ್ಲ್ಯಾಂಪಿನ ಒಳಮೈಯನ್ನೂ ತಂತಿಬ್ರಷ್ಷು ಅಥವಾ ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ, ಸೀಸ ಮೆದುವಾದ್ದರಿಂದ ಹಗುರ ಕೈಯಲ್ಲಿ, ಉಜ್ಜಬೇಕು. ತಂಪುಪಾನೀಯ ಸುರಿಯುವ ಉಪಾಯವೂ ಚಲಾವಣೆಯಲ್ಲಿದೆ. ಆಮ್ಲದ ಕೊಳೆಗೆ ಇನ್ನೊಂದು ಆಮ್ಲವನ್ನೂ ಸಕ್ಕರೆಯ ಅಂಟನ್ನೂ ಸೇರಿಸುವುದರಲ್ಲಿ ನನಗೆ ಯಾವ ಜಾಣತನವೂ ಕಾಣಿಸುವುದಿಲ್ಲ.

ಗ್ರೀಸಿನ ವಿಷಯದಲ್ಲಿ ಮೆಕ್ಯಾನಿಕ್‌ಗಳಲ್ಲೇ ಎರಡು ಪಂಗಡ. ಗ್ರೀಸೂ ಪೆಟ್ರೋಲಿಯಂ ಜೆಲ್ಲಿಯೂ ವಿದ್ಯುತ್ತನ್ನು ಹರಿಸುವುದಿಲ್ಲ, ಹಾಗಿರುವಾಗ ಸಂದಿಗೆ ಅದನ್ನು ಹಚ್ಚಬಹುದೇ ಎಂಬುದು ಒಂದು ಪಂಗಡದ ಆಕ್ಷೇಪ. ಮೇಲೆ ಹೇಳಿದ ಸೂಕ್ಷ್ಮ ಉಬ್ಬುಗಳನ್ನು ನೆನೆದರೆ ಉತ್ತರ ಸಿಗುತ್ತದೆ. ಬೋಲ್ಟು ಬಿಗಿದಾಗ ಉಬ್ಬುಗಳ ತುದಿಯಲ್ಲಿ ಒತ್ತಡ ಎಷ್ಟಿರುತ್ತದೆಂದರೆ ಅಲ್ಲಿನ ಜೆಲ್ಲಿ ಪಕ್ಕಕ್ಕೆ ಹಿಂಡಿಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಹಿಂಡಿದ ಜೆಲ್ಲಿ ಸುತ್ತಲಿನ ತಗ್ಗುಗಳಲ್ಲಿ ನಿಂತು ಗಾಳಿಗೂ ಆಮ್ಲಕ್ಕೂ ಜಾಗವಿಲ್ಲದಂತೆ ಮಾಡುತ್ತದೆ. ಹೀಗಾಗಿ, ಹೊಳೆಯುವಂತೆ ಉಜ್ಜಿ ಒರೆಸಿದ ಲೋಹಕ್ಕೆ ತೀರ ತೆಳುವಾಗಿ ಸವರಿ, ಬಿಗಿದು, ಮೇಲೆ ಧಾರಾಳವಾಗಿ ಮೆತ್ತುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ. ಕಿಲುಬಿನ ಮೇಲೆಯೇ ಗ್ರೀಸು ಮೆತ್ತಿದರೆ ಆಮ್ಲವನ್ನು ಒಳಗೆ ಕೂಡಿಹಾಕಿದಂತಾಗುತ್ತದೆ. ಪೆಟ್ರೋಲಿಯಂ ಜೆಲ್ಲಿ 40ರಿಂದ 60 ಡಿಗ್ರಿ ಸೆಲ್ಸಿಯಸ್‌ನೊಳಗೆ ಕರಗುವ ವಸ್ತು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಾನೆಟ್ಟಿನೊಳಗೆ ಅದು ಇಳಿದುಹೋಗುತ್ತದೆ, ಮತ್ತೆ ಹಚ್ಚುತ್ತಿರಬೇಕು. ಲಿಥಿಯಂ ಗ್ರೀಸ್ ಅಂಥ ಬಿಸಿಯಲ್ಲೂ ನಿಲ್ಲುತ್ತದೆ. ಗೂಟದ ಬುಡಕ್ಕೆ ತೊಡಿಸುವ ಎಣ್ಣೆ ಹೀರಿದ ಉಣ್ಣೆಯ ಬಿಲ್ಲೆಗಳು ಬುಡದಿಂದ ಏರುವ ಆಮ್ಲವನ್ನು ತಡೆಯುತ್ತವೆ, ಬೆಲೆಯೂ ಅಗ್ಗ.

ಬಿಗಿತದಷ್ಟೇ ಅಳತೆಯೂ ಮುಖ್ಯ. ಗೂಟ ಮೇಲಕ್ಕೆ ಹೋದಂತೆ ಕಿರಿದಾಗುವ ಶಂಕುವಿನಾಕಾರದ್ದು, ಪ್ಲಸ್ಸು ಮೈನಸ್ಸಿಗಿಂತ ತುಸು ದಪ್ಪ. ನಮ್ಮ ರಸ್ತೆಗಳಲ್ಲಿ ದಪ್ಪ ಗೂಟದ ಬ್ಯಾಟರಿಗಳೂ ಜಪಾನಿ ಅಳತೆಯ ಸಪೂರ ಗೂಟದವೂ ಎರಡೂ ಇವೆ. ಒಂದರ ಕ್ಲ್ಯಾಂಪನ್ನು ಇನ್ನೊಂದಕ್ಕೆ ಹಾಕಿ, ಸಂದಿಗೆ ತಗಡಿನ ಚೂರೋ ತಾಮ್ರದ ಎಳೆಯೋ ತುರುಕಿ ಕಳುಹಿಸಿದ ಜೋಡಣೆ ಬೇಗ ಕಿಲುಬು ಹಿಡಿಯದಿದ್ದರೆ ಆಶ್ಚರ್ಯ. ಅಂಥ ಸಂದಿಗೆಂದೇ ಸಪೂರ ಗೂಟಕ್ಕೆ ತೊಡಿಸುವ ಸೀಸದ ತೋಳುಬಳೆಗಳು ಸಿಗುತ್ತವೆ. ಕ್ಲ್ಯಾಂಪನ್ನು ಸುತ್ತಿಗೆಯಿಂದ ಹೊಡೆದು ಇಳಿಸಿದರೆ ಬುಡದ ಮುದ್ರೆಯೇ ಒಡೆದೀತು.

ಇಷ್ಟೆಲ್ಲ ಮಾಡಿಯೂ ಕೆಲವೇ ವಾರಗಳಲ್ಲಿ ಪುಡಿ ಮತ್ತೆ ಕಾಣಿಸಿಕೊಂಡರೆ ಇನ್ನೊಮ್ಮೆ ಉಜ್ಜುವ ಬದಲು ಮೂಲ ಹುಡುಕಬೇಕು. ಎಂಜಿನ್ ಓಡುವಾಗ ಟರ್ಮಿನಲ್ಲಿನ ವೋಲ್ಟೇಜು ಒಂದೇ ಸಮನೆ 15ರ ಆಚೀಚೆ ಇದ್ದರೆ ಆಲ್ಟರ್ನೇಟರಿನ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಅತಿಯಾಗಿ ಕುದಿಯುತ್ತಿದೆ. ನೀರು ಹಾಕುವ ಬ್ಯಾಟರಿಯಾದರೆ ಗುರುತಿಗಿಂತ ಮೇಲೆ ತುಂಬಿದ ಡಿಸ್ಟಿಲ್ಡ್ ವಾಟರ್ ಚಾರ್ಜಿನ ವೇಳೆ ಉಬ್ಬಿ ಹೊರಚೆಲ್ಲುತ್ತದೆ. ಮನೆಯ ಇನ್ವರ್ಟರ್ ಬ್ಯಾಟರಿಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ. ಬ್ಯಾಟರಿಯನ್ನು ತಟ್ಟೆಗೆ ಕಟ್ಟಿಹಿಡಿಯುವ ಪಟ್ಟಿ ಸಡಿಲವಾಗಿದ್ದರೆ ಪ್ರತಿ ಹಳ್ಳಕ್ಕೂ ಗೂಟದ ಬುಡ ಅಲುಗುತ್ತದೆ. ಇವೆಲ್ಲ ಸರಿಯಿದ್ದೂ ಒಂದೇ ಗೂಟದ ಬುಡ ಸದಾ ಒದ್ದೆಯಾಗಿ ಕಾಣುತ್ತಿದ್ದರೆ ಮುದ್ರೆ ಒಡೆದಿದೆ. ಅಂಟು ಹಾಕಿ ದುರಸ್ತಿ ಮಾಡುವಂಥದ್ದಲ್ಲ ಅದು. ವಾರಂಟಿ ಉಳಿದಿದ್ದರೆ ಅಂಗಡಿಯಲ್ಲಿ ಆ ಬುಡವನ್ನೇ ತೋರಿಸಿ ಕೇಳಬಹುದು. ಮುಗಿದಿದ್ದರೆ ಹಳೆಯದನ್ನು ಗುಜರಿಗೆ ಹಾಕದೆ, ಹೊಸದನ್ನು ಕೊಳ್ಳುವಾಗ ಮಾರಾಟಗಾರರಿಗೇ ಒಪ್ಪಿಸಿ ಬೆಲೆಯಲ್ಲಿ ಕಳೆಯಿಸಿಕೊಳ್ಳಬೇಕು.